ಪಕ್ಕದ ಮಂಚದ ಕನಸು

ಕನಸು, ಗಾಳಿ, ಶಕುನ ಅಂತ ಯಾರಾದರೂ ಬಾಯಿ ತೆರೆದರೆ ನಕ್ಕು ಎದ್ದು ಹೋಗುತ್ತಿದ್ದವಳು ನಾನು. ಮಸ್ಕಿಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸೂಕ್ಷ್ಮಜೀವಿಗಳ ಪಾಠ ಮಾಡಿ, ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸುವವಳೂ ನಾನೇ. ಮುಂದಿನದನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಬಸವರಾಜ ಗೊರೇಬಾಳದ ಹತ್ತಿರ ಬೈಕಿನಿಂದ ಬಿದ್ದು ತಲೆ ಒಡೆದುಕೊಂಡ. ಬಳ್ಳಾರಿಯಲ್ಲಿ ಆಪರೇಷನ್ ಆಗಿ, ಚೇತರಿಸಿಕೊಳ್ಳಲೆಂದು ಸಿಂಧನೂರಿನ ಒಂದು ಆಸ್ಪತ್ರೆಗೆ ತಂದೆವು. ಉಸಿರಾಟಕ್ಕೆಂದು ಗಂಟಲಿಗೆ ತೂತು ಮಾಡಿ ನಳಿಕೆ ಇಟ್ಟಿದ್ದರು. ಪಕ್ಕದ ಮಂಚದಲ್ಲಿ ವಳಕಮದಿನ್ನಿಯ ಮಕ್ಬೂಲ್ ಸಾಬ್, ಹೊಲದಲ್ಲಿ ಟ್ರ್ಯಾಕ್ಟರಿನಿಂದ ಬಿದ್ದವರು. ಅವರಿಗೂ ತಲೆಗೆ ಪಟ್ಟಿ, ಗಂಟಲಲ್ಲಿ ನಳಿಕೆ. ಇಬ್ಬರಿಗೂ ಎಚ್ಚರವಿರಲಿಲ್ಲ.

ಅವರ ಜೊತೆಗೆ ಹೆಂಡತಿ ಹುಸೇನಬಿ ಒಬ್ಬಳೇ. ಬೆನ್ನು ಹುಣ್ಣಾಗದಂತೆ ರೋಗಿಯ ಮಗ್ಗಲು ಬದಲಿಸುತ್ತಿರಬೇಕು, ಅದು ಒಬ್ಬರಿಂದ ಆಗುವ ಕೆಲಸವಲ್ಲ. ನಮ್ಮ ಕಡೆ ಆಸ್ಪತ್ರೆಯಲ್ಲಿ ಪಕ್ಕದ ಮಂಚದವರು ಎರಡು ದಿನಕ್ಕೆ ಬೀಗರಾಗಿಬಿಡುತ್ತಾರೆ. “ಟೀಚರ್, ಚೂರು ಕೈ ಹಚ್ರಿ” ಅಂದರೆ ನಾನು ಹೋಗುವುದು, ನನ್ನ ತಮ್ಮನಿಗೆ ಆಕೆ ಬರುವುದು. ಮಕ್ಬೂಲ್ ಸಾಬರ ನಳಿಕೆಯ ಸುತ್ತ ಬಂದ ಕಫವನ್ನೂ ಒರೆಸಿದೆ. ಅಲ್ಲಿಂದ ತಮ್ಮನ ಮಂಚಕ್ಕೆ ಮೂರು ಹೆಜ್ಜೆ. ನಡುವೆ ಎದ್ದು ಹೋಗಿ ಕೈ ತೊಳೆದರೆ, ತನ್ನ ಗಂಡನಿಗೆ ನಾನು ಹೇಸಿಕೊಂಡೆ ಅಂದುಕೊಂಡಾಳು ಎಂಬ ಸಂಕೋಚ. ತೊಳೆಯಲಿಲ್ಲ.

ಐದನೆಯ ದಿನ ಇಬ್ಬರಿಗೂ ಜ್ವರ ಬಂತು, ಕಫ ಹಸಿರಾಯಿತು. ಪರೀಕ್ಷೆ ಮಾಡಿದರೆ ಇಬ್ಬರಲ್ಲೂ ಒಂದೇ ರೋಗಾಣು.

“ಯಾರಿಂದ ಯಾರಿಗೆ ಹೋಗ್ಯಾದೋ ಹೇಳಾಕ ಬರಂಗಿಲ್ರಿ. ಕೈಲೆ ಹೋಗಿರ್ತದ” ಅಂದರು ಸಿಸ್ಟರ್.

ಮೂರು ದಿನ ಕಳೆದು ಮಕ್ಬೂಲ್ ಸಾಬ್ ತೀರಿಕೊಂಡರು. ಬಿದ್ದ ದಿನದಿಂದ ಒಂದು ಮಾತೂ ಆಡಿರಲಿಲ್ಲ. ತಮ್ಮನಿಗೆ ಮಾತ್ರ ಔಷಧಿ ಹತ್ತಿತು.

ಮುಂದೆ ಒಂದು ಮಧ್ಯಾಹ್ನ. ತಮ್ಮನಿಗೆ ಆಗಾಗ ಎಚ್ಚರವಾಗತೊಡಗಿತ್ತು, ನಳಿಕೆಯನ್ನು ಆ ಬೆಳಿಗ್ಗೆಯಷ್ಟೇ ತೆಗೆದಿದ್ದರು. ಹಸಿರು ಪರದೆಯಿಂದ ಇಳಿದ ಬೆಳಕಿನಲ್ಲಿ ವಾರ್ಡೆಲ್ಲ ನೀರಿನೊಳಗಿದ್ದಂತಿತ್ತು. ನನಗೂ ಜೊಂಪು ಹತ್ತಿತ್ತು.

“ಅಕ್ಕಾ” ಅಂದ, ಗೊಗ್ಗರು ದನಿಯಲ್ಲಿ. ಕಣ್ಣು ಮುಚ್ಚಿಯೇ ಇತ್ತು. “ಕಾಲುವಿ ದಂಡಿಮ್ಯಾಲ ಮಲಗೀನಿ. ಆಕಿ ಚಾ ತರಾಕತ್ಯಾಳ. ಕೆಂಪು ಥರ್ಮಾಸು, ಮುಚ್ಚಳ ಇಲ್ಲ, ಜೋಳದ ದಂಟು ತುರುಕ್ಯಾಳ. ಬಿಸಲಾಗ ಬರಾಕತ್ಯಾಳ. ನೆಳ್ಳಾಗ ಬಾ ಅಂತ ಹೇಳಕ್ಕಾ.”

“ಯಾರೋ ಆಕಿ?”

“ಗೊತ್ತಿಲ್ಲ.”

ನಮ್ಮದು ಲಿಂಗಸುಗೂರಿನ ಪೇಟೆಯ ಮನೆ. ಹೊಲವಿಲ್ಲ, ಕಾಲುವೆಯಿಲ್ಲ, ತಮ್ಮನಿಗೆ ಮದುವೆಯೂ ಆಗಿರಲಿಲ್ಲ. ಅರೆ ಎಚ್ಚರದ ಬಡಬಡಿಕೆ ಎಂದುಕೊಂಡು ಹಣೆ ಒರೆಸಿದೆ, ಈ ಸಲ ಕೈ ತೊಳೆದುಕೊಂಡು.

ಅವನನ್ನು ಮನೆಗೆ ಕರೆತಂದು ಒಂದು ತಿಂಗಳಾದ ಮೇಲೆ, ತಡೆಯಲಾಗದೆ ವಳಕಮದಿನ್ನಿಗೆ ಹೋದೆ. ನನ್ನ ಕೈಯಿಂದಲೇ ನಿಮ್ಮವರಿಗೆ ರೋಗ ತಗುಲಿರಬಹುದು, ತಪ್ಪಾಯಿತು ಎಂದು ಹೇಳಬೇಕಿತ್ತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡಿದ್ದೆ.

ಹುಸೇನಬಿ ಚಾಪೆ ಹಾಸಿ ಚಹಾ ತಂದಳು. ಕೆಂಪು ಥರ್ಮಾಸು. ಅದರ ಬಾಯಿಗೆ ಜೋಳದ ದಂಟಿನ ತುಂಡು.

“ಇದನ್ನ ದವಾಖಾನಿಗೆ ತಂದಿದ್ರೇನು?” ಅಂದೆ.

“ಇಲ್ರೀ, ಇದು ಹೊಲಕ್ಕ ಒಯ್ಯೂದು.”

ತಮ್ಮ ಆಡಿದ ಮಾತನ್ನೆಲ್ಲ ಹೇಳಿದೆ. ಆಕೆ ಥರ್ಮಾಸನ್ನು ಮಡಿಲಿಗೆ ಎಳೆದುಕೊಂಡಳು.

“ಅವತ್ತು ಚಾ ಒಯ್ಯೂದು ತಡಾ ಆಗಿತ್ರಿ ಟೀಚರ್. ನಾ ಹೋಗೂದ್ರಾಗ ನಮ್ಮವ್ರು ಬಿದ್ದಿದ್ರು. ನನ್ನ ಬೈದ್ರೇನ್ರಿ?”

“ಇಲ್ಲವ್ವಾ. ನೆಳ್ಳಾಗ ಬಾ ಅಂದ್ರು.”

“ನೆಳ್ಳಾಗ ಬಾ ಅಂದ್ರು” ಎಂದು ಆಕೆ ತನಗೆ ತಾನೇ ಎರಡು ಸಲ ಹೇಳಿಕೊಂಡಳು. ಆಮೇಲೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು ಅತ್ತಳು.

ಎಚ್ಚರವಿಲ್ಲದ ತಮ್ಮನ ಕಿವಿಗೆ ಆಕೆಯ ಮಾತು ಯಾವಾಗಲೋ ಬಿದ್ದಿರಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಥರ್ಮಾಸಿನ ಮಾತನ್ನು ಆಸ್ಪತ್ರೆಯಲ್ಲಿ ಯಾರ ಹತ್ತಿರವೂ ಆಡಿಲ್ಲ ಅನ್ನುತ್ತಾಳೆ ಆಕೆ. ರೋಗಾಣು ಹೇಗೆ ದಾಟಿತೆಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಉಳಿದದ್ದು ನನಗೆ ತಿಳಿದಿಲ್ಲ.

ಹೇಳಲು ಹೋದ ಮಾತನ್ನು ಅವತ್ತು ಹೇಳಲಾಗಲಿಲ್ಲ. ಆಕೆಯ ಹಿಡಿತದಿಂದ ಆ ಕೈಗಳನ್ನು ಬಿಡಿಸಿಕೊಳ್ಳಲೂ ಆಗಲಿಲ್ಲ.