ಹುಸೇನಬಿಯ ಸೆರಗಿನ ಗಂಟುಗಳು

ಮೊನ್ನೆ ಬೆಳಗ್ಗೆ ಸ್ನಾನ ಮಾಡಿ ಬಂದು ಹಣೆಗೆ ಹಚ್ಚಿಕೊಳ್ಳೋಣವೆಂದು ವಿಭೂತಿ ಗಟ್ಟಿಯನ್ನು ಎತ್ತಿಕೊಂಡೆ. ಅದು ಕೈಜಾರಿ ನೀರಿನ ತಂಬಿಗೆಯೊಳಗೆ ಬಿತ್ತು. ಈಚೆಗೆ ನನ್ನ ಬೆರಳುಗಳಿಗೆ ಅವುಗಳದೇ ಮರ್ಜಿ. ತೆಗೆಯಲು ಬಗ್ಗಿದಾಗ ನೆನೆದ ವಿಭೂತಿಯ ವಾಸನೆ ಮೂಗಿಗೆ ಹತ್ತಿತು. ದಿನಾ ಹಚ್ಚಿಕೊಳ್ಳುವ ವಿಭೂತಿಗೊಂದು ವಾಸನೆಯಿದೆ ಎಂಬುದೇ ನಮಗೆ ಮರೆತುಹೋಗಿರುತ್ತದೆ ನೋಡಿ. ಇಡೀ ಗಟ್ಟಿ ನೆನೆದರೆ ಮಾತ್ರ ಅದು ತಾನಿದ್ದೇನೆ ಎನ್ನುತ್ತದೆ. ಅಂಥ ವಾಸನೆ ನನ್ನ ಜೀವಮಾನದಲ್ಲಿ ಒಮ್ಮೆ ಬಂದಿತ್ತು, ನನಗೆ ಏಳು ವರ್ಷವಾಗಿದ್ದಾಗ.

ಅದೇ ಹೊತ್ತಿಗೆ ಎದುರಿನಿಂದ ಪಿಂಕಿಯ ಅಳು ಶುರುವಾಯಿತು. ನಮ್ಮ ಮನೆ ಈಗ ವಾಡಿ ಪಟ್ಟಣದಲ್ಲಿ, ಕನ್ನಡ ಶಾಲೆಯ ಗೇಟಿಗೆ ಎದುರಾಗಿ. ಪಿಂಕಿ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆಂದು ಬಿಹಾರದಿಂದ ಬಂದವನ ಮಗಳು, ಮನೆಮಾತು ಹಿಂದಿ. ಒಂದನೇ ಇಯತ್ತೆಗೆ ಸೇರಿ ವಾರವಾಗಿದೆ. ತಾಯಿ ತಂದು ಬಿಟ್ಟು ಹೋಗುತ್ತಲೇ ಗೇಟಿನ ಸರಳು ಹಿಡಿದು ಅಳುತ್ತಾಳೆ. ಒಳಗೆ ಹೋದ ಮೇಲೆ ತುಟಿ ಬಿಚ್ಚುವುದಿಲ್ಲವಂತೆ. “ಹೇಳಿದ್ದು ಒಂದೂ ತಿಳಿವಲ್ದರಿ ಅಕಿಗಿ. ಹಿಂಗೇ ಆದ್ರ ಬಿಡಸ್ತೀವಿ ಅಂತ ಅವರವ್ವ ಅನ್ನಾಕತ್ಯಾಳ,” ಎಂದು ಶಾಲೆಯ ಮೇಡಂ ನನ್ನ ಮುಂದೆ ಹೇಳಿಕೊಂಡಿದ್ದರು. ನಾನು ಅಯ್ಯೋ ಪಾಪ ಎಂದಿದ್ದೆ, ಒಳಗೆ ಹೋಗಿ ಚಹಾ ಕುಡಿದಿದ್ದೆ. ಪಾಪ ಅನ್ನುವುದಕ್ಕೆ ಶ್ರಮವೇನೂ ಇಲ್ಲವಲ್ಲ!

ಆದರೆ ಮೊನ್ನೆ ಆ ವಾಸನೆಯೂ ಈ ಅಳುವೂ ಒಟ್ಟಿಗೆ ಬಂದವು. ಕೈಯಲ್ಲಿ ಒದ್ದೆ ವಿಭೂತಿ ಹಿಡಿದು ನಾನು ಚಿತ್ತಾಪುರದ ನಮ್ಮ ಹಳೆಯ ಮನೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದೆ.

ಆಗ ನಮ್ಮದು ನಿಜಾಮರ ರಾಜ್ಯ. ಕಚೇರಿಯ ಮಾತು ಉರ್ದು, ಶಾಲೆಯ ಮಾತೂ ಉರ್ದು. ಅಪ್ಪ ಹೈದರಾಬಾದಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಅವರು ಓದಿದ್ದೆಲ್ಲ ಉರ್ದುವಿನಲ್ಲಿ, ಹಾಗಾಗಿ ಕನ್ನಡ ಮಾತಾಡುತ್ತಿದ್ದರೇ ಹೊರತು ಬರೆಯಲು ಬರುತ್ತಿರಲಿಲ್ಲ. ಊರಿಗೆ ಬರೆಯುವ ಕಾಗದವೂ ಉರ್ದುವಿನಲ್ಲೇ. ಮನೆಯಲ್ಲಿ ಓದುವವರು ಯಾರು? ಓಣಿಯ ಮುನ್ಶಿಯೊಬ್ಬರು ಬಂದು ಕಟ್ಟೆಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಕಾಗದ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದವಳು, ಎದುರಿಗೆ ಕೂತು ಕೇಳುತ್ತಿದ್ದಳು. ಅಕ್ಕಪಕ್ಕದವರೂ ಬಂದು ನಿಲ್ಲುತ್ತಿದ್ದರು. ಅವ್ವ ಮಾತ್ರ ಬಾಗಿಲ ಹಿಂದೆ. ಗಂಡನ ಮಾತು ಪರರ ಬಾಯಿಂದ, ಊರವರೆಲ್ಲ ಕೇಳಿ ಮುಗಿದ ಮೇಲೆ ಅವಳಿಗೆ ಸಿಗುತ್ತಿತ್ತು.

ಅವ್ವ ಹಟ ಹಿಡಿದದ್ದನ್ನು ನಾನು ಕಂಡದ್ದು ಒಂದೇ ಸಲ. “ಹುಡುಗಿಗಿ ಸಾಲಿಗಿ ಹಾಕ್ತೀನ್ರಿ ಅತ್ತಿ. ಅಕಿ ಕಾಗದ ಓದೋಹಂಗ ಆದ್ರ ಸಾಕು.” ಆಯಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಒಪ್ಪಿದಳು, ಒಂದು ಷರತ್ತಿನ ಮೇಲೆ. ಮನೆಯ ಆಚಾರಕ್ಕೆ ಕುಂದು ಬಂದ ದಿನವೇ ಸಾಲಿ ಬಂದ್. ಜೊತೆಗೆ ನನ್ನನ್ನು ಕರೆದು ಕಿವಿಯಲ್ಲಿ, “ಅಲ್ಲಿ ಹೋದ್ರ ನಿನ್ನ ಮಾತು ಹೋಗ್ತಾದ ನೋಡು,” ಎಂದಳು. ಅದನ್ನು ನಾನು ಅಕ್ಷರಶಃ ನಂಬಿದೆ. ಹಲ್ಲು ಬಿದ್ದುಹೋಗುವುದನ್ನು ಆ ವರ್ಷವೇ ಕಂಡಿದ್ದೆನಲ್ಲ, ಮಾತೂ ಬಿದ್ದುಹೋಗಬಹುದು ಎಂದುಕೊಂಡೆ.

ಹೆಣ್ಣುಮಕ್ಕಳ ಶಾಲೆಗೆ ಆಗ ಹುಡುಗಿಯರು ತಾವಾಗಿ ನಡೆದು ಹೋಗುವಂತಿರಲಿಲ್ಲ. ಮನೆಮನೆಗೆ ಬಂದು ಕರೆದೊಯ್ದು, ಸಂಜೆ ಮನೆಮನೆಗೆ ಮುಟ್ಟಿಸಲು ಶಾಲೆಯಿಂದಲೇ ಒಬ್ಬ ಹೆಂಗಸು ಇರುತ್ತಿದ್ದಳು. ನಮ್ಮ ಶಾಲೆಯವಳು ಹುಸೇನಬಿ. ಎತ್ತರದ ಆಳು, ಬಾಯಿ ತುಂಬ ಎಲೆಅಡಿಕೆ, ಓಣಿಯ ಈ ತುದಿಯಲ್ಲಿ ಕೂಗಿದರೆ ಆ ತುದಿಯ ಹುಡುಗಿ ಜಡೆ ಬಿಗಿದುಕೊಳ್ಳಬೇಕು ಅಂಥ ದನಿ. ಎಲ್ಲರೂ ಅವಳನ್ನು ಖಾಲಾ ಅನ್ನುತ್ತಿದ್ದರು. ಖಾಲಾ ಎಂದರೆ ಚಿಗವ್ವ ಎಂದು ನನಗೆ ತಿಳಿದದ್ದು ಆಮೇಲೆ. ಅದೇ ಅವಳ ಹೆಸರು ಎಂದುಕೊಂಡಿದ್ದೆ.

ಮೊದಲ ದಿನ ಶಾಲೆಯ ಅಂಗಳದ ಬೇವಿನ ಗಿಡವನ್ನು ತಬ್ಬಿ ನಿಂತೆ. ಉಳಿದವರೆಲ್ಲ ಒಳಗೆ ಹೋದರು. ಹುಸೇನಬಿ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

“ಯಾಕ ತಂಗಿ, ಒಳಗ ಏನು ಹುಲಿ ಅದ?”

“ನನ್ನ ಮಾತು ಹೋಗ್ತಾದ. ಆಯಿ ಹೇಳ್ಯಾಳ.”

ಅವಳು ನಗಲಿಲ್ಲ. ನಕ್ಕಿದ್ದರೆ ನಾನಿಂದು ಇದನ್ನು ಬರೆಯುತ್ತಿರಲಿಲ್ಲ. ತನ್ನ ಸೆರಗಿನ ತುದಿಯನ್ನು ನನ್ನ ಮುಂದೆ ಹಿಡಿದಳು.

“ಹಂಗಾದ್ರ ಅದಕ್ಕ ಒಳಗ ಯಾಕ ಒಯ್ತಿ? ಇದರಾಗ ಇಡು. ಗಂಟು ಕಟ್ಟಿ ಇಟ್ಕೋತೀನಿ. ಸಂಜಿಗಿ ಬಿಚ್ಚಿ ಕೊಡ್ತೀನಿ. ಯಾವುದರ ಒಂದು ಮಾತು ಅನ್ನು.”

ನಾನು “ರೊಟ್ಟಿ” ಎಂದೆ. ಅವಳು ಬಿಗಿಯಾಗಿ ಗಂಟು ಹಾಕಿದಳು. “ಇದರ ಬದ್ಲಿ ಇದೊಂದು ಒಯ್ಯಿ. ನೀರಿಗಿ ಪಾನಿ. ನೀರಡಿಕಿ ಆದ್ರ ಪಾನಿ ಅನ್ನು, ಸಿಗ್ತಾದ.” ಹೈದರಾಬಾದಿನಿಂದ ಬಂದಿದ್ದ ನಮ್ಮ ಉಸ್ತಾನಿಗೆ, ಅಂದರೆ ಪಾಠ ಹೇಳುವವಳಿಗೆ, ಕನ್ನಡ ಒಂದಕ್ಷರವೂ ಬರುತ್ತಿರಲಿಲ್ಲ. ಒಳಗೆ ಉರ್ದು ಬಿಟ್ಟು ಬೇರೆ ಮಾತು ಕೂಡದು. ಮಧ್ಯಾಹ್ನ ನಾನು ಎದ್ದು ನಿಂತು “ಪಾನಿ” ಎಂದೆ, ನೀರು ಸಿಕ್ಕಿತು. ಸಂಜೆ ಬೇವಿನ ಗಿಡದ ಕೆಳಗೆ ಹುಸೇನಬಿ ಗಂಟು ಬಿಚ್ಚಿ, “ತಗೊ ನಿನ್ನ ರೊಟ್ಟಿ. ಇನ್ನಾ ಬಿಸಿ ಅದ,” ಎಂದಳು.

ಕನ್ನಡದ ಮನೆಯಿಂದ ಬರುತ್ತಿದ್ದವರು ನಾವು ನಾಲ್ಕು ಹುಡುಗಿಯರು. ನಾಲ್ವರದೂ ಗಂಟು ಬಿದ್ದವು. ದಿನಕ್ಕೊಂದು ಮಾತು ಇಡುವುದು, ಒಂದು ಒಯ್ಯುವುದು. ಹೀಗೆ ಕಲಿತ ಉರ್ದು ನನ್ನ ಕೈಬೆರಳುಗಳಿಗೂ ಇಳಿದಿದೆ. ಕನ್ನಡ ಅಕ್ಷರ ನಾನು ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ಬಲದಿಂದ ಎಡಕ್ಕೆ ಓದಿ ಕಲಿತವಳು, ಇವತ್ತಿಗೂ ಪೇಪರನ್ನು ಹಿಂದಿನ ಪುಟದಿಂದ ತೆರೆಯುತ್ತೇನೆ. ಅಜ್ಜಿಗೆ ಕ್ರಿಕೆಟ್ಟಿನ ಹುಚ್ಚು ಎಂದು ಮೊಮ್ಮಗ ತಿಳಿದುಕೊಂಡಿದ್ದಾನೆ, ನಾನೂ ಸುಮ್ಮನಿದ್ದೇನೆ.

ಇನ್ನು ವಿಭೂತಿಯ ವಿಷಯ. ಶಾಲೆಯಲ್ಲಿ ಬರೆಯುವುದು ತಖ್ತಿಯ ಮೇಲೆ. ಹಿಡಿಕೆಯಿರುವ ಮರದ ಹಲಗೆ ಅದು. ಮೈತುಂಬ ಬೆಳ್ಳಗೆ ಬಳಿದು, ಒಣಗಿಸಿ, ಜೊಂಡಿನ ಲೇಖನಿಯಿಂದ ಮಸಿಯಲ್ಲಿ ಬರೆದು, ಸಂಜೆ ಅಂಗಳದ ನೀರಿನ ತೊಟ್ಟಿ, ಅಂದರೆ ಹೌದಿನ ಹತ್ತಿರ ತೊಳೆಯಬೇಕು. ನಾಳೆ ತಖ್ತಿ ಬಿಳಿಮಾಡಿಕೊಂಡು ಬಾ ಎಂದು ಉಸ್ತಾನಿ ಸನ್ನೆಯಲ್ಲಿ ತಿಳಿಸಿದಳು. ಉಳಿದ ಹುಡುಗಿಯರ ಮನೆಯಲ್ಲಿ ಬಿಳಿಮಣ್ಣು ಇಟ್ಟುಕೊಂಡಿದ್ದರು. ಅದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ನೀರು ಹಚ್ಚಿ ಉಜ್ಜಿದರೆ ಬೆಳ್ಳಗಾಗುವ ವಸ್ತು ಯಾವುದು? ನೀವೇ ಹೇಳಿ! ದೇವರ ಜಗುಲಿಯ ಮೇಲಿಂದ ಆಯಿಯ ವಿಭೂತಿ ಗಟ್ಟಿ ತೆಗೆದುಕೊಂಡೆ. ಮಠದ ಸ್ವಾಮಿಗಳು ಅವಳಿಗೆ ತಮ್ಮ ಕೈಯಾರೆ ಕೊಟ್ಟದ್ದು ಅದು, ಸೋಮವಾರ ಮಾತ್ರ ಮುಟ್ಟುತ್ತಿದ್ದಳು. ಬಚ್ಚಲಲ್ಲಿ ಕೂತು ಇಡೀ ಗಟ್ಟಿಯನ್ನು ನೆನೆಸಿ ತಖ್ತಿಗೆ ಬಳಿದೆ. ಎಂಥ ನುಣುಪು ಬಂದಿತ್ತೆಂದರೆ ಮಾರನೆಯ ದಿನ ಉಸ್ತಾನಿ ನನ್ನ ಹಲಗೆಯನ್ನು ಎಲ್ಲರಿಗೂ ಎತ್ತಿ ತೋರಿಸಿದಳು.

ಅದರ ಮರುದಿನ ಸೋಮವಾರ; ಆಗ ಶಾಲೆಗೆ ರಜೆ ಶುಕ್ರವಾರ, ಭಾನುವಾರವಲ್ಲ. ಆಯಿ ಜಗುಲಿ ನೋಡಿದಳು, ಗೋಡೆಗೆ ಒರಗಿಸಿದ್ದ ತಖ್ತಿ ನೋಡಿದಳು, ಅದರ ಅಂಚಿನಲ್ಲಿ ಉಳಿದಿದ್ದ ಬಿಳುಪನ್ನು ಬೆರಳಿನಿಂದ ತೆಗೆದು ಮೂಸಿದಳು. ನನ್ನನ್ನು ಬೈಯಲಿಲ್ಲ. ಬಾಗಿಲಲ್ಲಿ ಹೋಗಿ ನಿಂತಳು. ಹುಸೇನಬಿ ಬಂದು ಕೂಗಿದಾಗ ಆಯಿಯೇ ಉತ್ತರ ಕೊಟ್ಟಳು.

“ಇನ್ನ ಇಕಿ ಬರಂಗಿಲ್ಲ. ಹಣಿ ಮ್ಯಾಲ ಇರೋ ಇಬತ್ತಿ ಹಲಗಿಗಿ ಬಳದಾಳ. ಅದನ್ನ ತೊಳದು, ಮಂದಿ ಕಾಲಾಗ ಹರಿಸ್ಯಾಳ. ಸಾಕಾಯ್ತು ನಿಮ್ಮ ಸಾಲಿ.”

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಹೊರಗೆ ಬರಲಿಲ್ಲ. ಹುಸೇನಬಿ ಚಪ್ಪಲಿ ಕಳಚಿ ಮೆಟ್ಟಿಲ ಕೆಳಗೆ ನಿಂತಳು.

“ಕಾಲಾಗ ಹರದಿಲ್ಲರಿ ಅಮ್ಮಾ. ದಿನಾ ಬಾಗಿಲದಾಗ ನಿಮ್ಮ ಹಣಿ ನೋಡ್ತೀನಿ, ನನಗ ವಾಸನಿ ತಿಳೀದಿಲ್ಲೇನು? ಹುಡುಗಿ ಹೌದಿಗಿ ಹೊಂಟಿದ್ಲು. ತಖ್ತಿ ನಾನೇ ಇಸ್ಕೊಂಡೆ. ಬೋಗಾಣ್ಯಾಗ ತೊಳದು, ಆ ನೀರು ಬೇವಿನ ಗಿಡದ ಬುಡಕ್ಕ ಹಾಕೀನಿ. ನಮ್ಮಲ್ಲೂ ಅಲ್ಲಾನ ಹೆಸರು ಬರದ ಹಲಗಿ ತೊಳದ ನೀರು ತುಳ್ಯಂಗಿಲ್ಲರಿ. ನಿಮ್ಮದು ಬ್ಯಾರೆ ಹ್ಯಾಂಗ ಆಗ್ತದ?”

ಆಯಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಆಮೇಲೆ ಕಟ್ಟೆಯ ಕಡೆ ಕೈ ತೋರಿಸಿದಳು. “ಕುಂದ್ರು. ನೀರು ಕುಡದು ಹೋಗು. ಹುಡುಗಿ ಜಡಿ ಇನ್ನಾ ಆಗಿಲ್ಲ.” ಹಾಗೆ ನನ್ನ ಶಾಲೆ ಉಳಿಯಿತು. ಅಲ್ಲಿಂದಾಚೆಗೆ ಪ್ರತಿ ವಾರ ಬಿಳಿಮಣ್ಣು ಕಲಸಿ ನನ್ನ ತಖ್ತಿಗೆ ಬಳಿಯುತ್ತಿದ್ದವಳು ಆಯಿಯೇ, ಬೇರೆಯವರು ಮುಟ್ಟಿದರೆ ನುಣುಪು ಬರುವುದಿಲ್ಲವೆಂದು.

ಎರಡು ವರ್ಷ ಕಳೆದ ಮೇಲೆ ಒಂದು ಕಾಗದ ಬಂತು. ಅಂದು ಮುನ್ಶಿ ಊರಲ್ಲಿರಲಿಲ್ಲ. ಅವ್ವ ಒಲೆಯ ಮುಂದೆ ಕೂತು, “ಓದ್ತಿಯೇನು?” ಎಂದಳು. ನಾನು ಅಕ್ಷರ ಅಕ್ಷರ ತಡವಿ ಓದಿದೆ, ಓದಿದ್ದನ್ನು ಕನ್ನಡದಲ್ಲಿ ಹೇಳಿದೆ. ಆಯಿಗೆ ನಮಸ್ಕಾರ, ಮಳೆಬೆಳೆ ಹೇಗಿದೆ, ಎಲ್ಲ ಮುನ್ಶಿ ಓದುತ್ತಿದ್ದಂತೆಯೇ. ಕೊನೆಯಲ್ಲಿ ಅವರೆಂದೂ ಓದದ ಒಂದು ಸಾಲಿತ್ತು: “ಮನೆಯವಳ ಕೆಮ್ಮು ಹೇಗಿದೆ? ಪ್ರತಿ ಕಾಗದದಲ್ಲೂ ಕೇಳುತ್ತೇನೆ. ಯಾಕೆ ಒಮ್ಮೆಯೂ ಹೇಳಿ ಬರೆಸುವುದಿಲ್ಲ?”

ಮುನ್ಶಿ ಕೆಟ್ಟವರಲ್ಲ, ಮರ್ಯಾದಸ್ಥರು. ಗಂಡ ಹೆಂಡತಿಗೆ ಕೇಳಿದ ಮಾತನ್ನು ಅತ್ತೆಯ ಎದುರು, ಓಣಿಯ ಎದುರು ಹೇಗೆ ಓದುವುದೆಂದು ನುಂಗಿಕೊಂಡು ಬಂದಿದ್ದರು. ಅವ್ವ ಒಲೆಯ ಬೆಂಕಿ ಹಿಂದಕ್ಕೆ ಎಳೆದಳು. “ಮತ್ತೊಮ್ಮಿ ಓದು,” ಎಂದಳು. ಓದಿದೆ. ಎದ್ದು ಹೋಗಿ ಹಳೆಯ ಕಾಗದಗಳ ಕಟ್ಟು ತಂದಳು. ಎಲ್ಲದರ ಕೊನೆಯಲ್ಲೂ ಆ ಕೆಮ್ಮು ಇತ್ತು. ಅಪ್ಪ ಕೊನೆಯ ಸಲ ಊರಿಗೆ ಬಂದು ಹೋದ ಮೇಲೆ ವಾಸಿಯಾದ ಕೆಮ್ಮು ಅದು, ವಾಸಿಯಾಗಿ ಮೂರು ವರ್ಷವಾಗಿತ್ತು! ಅವ್ವ ನಕ್ಕಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ನನ್ನ ಜೀವನದ ಮೊದಲ ಕಾಗದ ಬರೆದೆ: ಕೆಮ್ಮು ಹೋಗಿದೆ.

ಭಾರತದ ಸೈನ್ಯ ಬಂದು ನಿಜಾಮರ ರಾಜ್ಯ ಮುಗಿದ ವರ್ಷ, ಗಲಭೆಯ ಸುದ್ದಿ ಹಬ್ಬಿ, ಒಂದು ದಿನ ಮಧ್ಯಾಹ್ನವೇ ಶಾಲೆ ಬಿಟ್ಟರು. ಮನೆಯವರು ಬಂದು ನಮ್ಮನ್ನು ಅವಸರದಿಂದ ಕರೆದೊಯ್ದರು. ನಾನಾಗ ದೊಡ್ಡವಳು, ಗಂಟಿನ ವಯಸ್ಸು ದಾಟಿತ್ತು. ಆದರೂ ಸಲಿಗೆಗೆ ಬೆಳಗ್ಗೆ ಒಂದು ಮಾತು ಕಟ್ಟಿಸುತ್ತಿದ್ದೆ. ಆ ವಾರವೇ ಹುಸೇನಬಿ ಮಗನ ಜೊತೆ ಹೈದರಾಬಾದಿಗೆ ಹೋದಳು, ಮರಳಿ ಬರಲಿಲ್ಲ. ಶಾಲೆ ಬಿಟ್ಟ ಆ ದಿನ ಬೆಳಗ್ಗೆ ಯಾವ ಮಾತು ಇಟ್ಟಿದ್ದೆನೋ ನೆನಪಿಲ್ಲ. ಅದನ್ನು ನಾನು ವಾಪಸು ತೆಗೆದುಕೊಂಡಿಲ್ಲ.

ಮೊನ್ನೆ ನಾನು ಹಣೆಗೆ ಒದ್ದೆ ವಿಭೂತಿ ಎಳೆದುಕೊಂಡು ರಸ್ತೆ ದಾಟಿದೆ. ಪಿಂಕಿಯ ಪಕ್ಕ ಕೂರಲು ಹೋದೆ. ಮಂಡಿ ಒಪ್ಪಲಿಲ್ಲ, ಗೇಟು ಹಿಡಿದು ಬಗ್ಗಿದೆ. ಅರವತ್ತು ವರ್ಷದಿಂದ ಯಾರೂ ಕೇಳದ ಉರ್ದುವಿನಲ್ಲಿ ಮಾತಾಡಿಸಿದೆ. ಅಳು ನಿಲ್ಲಿಸಿ ನೋಡಿದಳು. ಸೆರಗಿನ ತುದಿ ಹಿಡಿದು, ಒಂದು ಮಾತು ಇದರಲ್ಲಿಡು ಎಂದೆ. ಅವಳು ಅದರೊಳಗೆ ಬಾಯಿಟ್ಟು “ಚಿಡಿಯಾ” ಎಂದಳು. ಗುಬ್ಬಿಯನ್ನು ಗಂಟು ಕಟ್ಟಿದೆ. ಬದಲಿಗೆ “ನೀರು” ಕೊಟ್ಟು ಕಳಿಸಿದೆ.

ಸಂಜೆಯವರೆಗೆ ಆ ಗಂಟು ಬಿಚ್ಚದಂತೆ ಕಾಯ್ದದ್ದು ದೊಡ್ಡ ಕೆಲಸವಾಯಿತು. ಶಾಲೆ ಬಿಟ್ಟಾಗ ಪಿಂಕಿ ಮೊದಲು ನೋಡಿದ್ದು ನನ್ನ ಸೆರಗನ್ನು. ಗಂಟು ಬಿಚ್ಚಿಕೊಟ್ಟೆ. ಅವಳು ಹೋಗಲಿಲ್ಲ. ತನ್ನ ಲಂಗದ ಚುಂಗನ್ನು ನನ್ನ ಮುಂದೆ ಹಿಡಿದು, “ಅಬ್ ಆಪ್,” ಎಂದಳು, ಈಗ ನೀವು ಎಂದು.

ನನ್ನದೂ ಒಂದು ಇಡಬೇಕಂತೆ! ಗೇಟು ಹಿಡಿದುಕೊಂಡೆ. ಆಮೇಲೆ ಬಗ್ಗಿ, ಆ ಮಗುವಿನ ಬಟ್ಟೆಯ ತುದಿಯಲ್ಲಿ, “ಖಾಲಾ” ಎಂದೆ. ಅವಳು ಹಲ್ಲು ಕಚ್ಚಿ ಗಂಟು ಬಿಗಿದಳು. ನಾಳೆ ಬೆಳಗ್ಗೆ ಶಾಲೆಗೆ ಬರುವಾಗ ತಂದುಕೊಡುತ್ತೇನೆ ಎಂದಳು.