ಗಾಜಿಗೆ ನೀರು ಬಂತೇನೋ

ನನಗೆ ಕೋಪ ಮೂಗಿನ ತುದೀಲೇ ಇರುತ್ತೆ ಅಂತ ನಮ್ಮಕ್ಕ ಹೇಳ್ತಾಳೆ. ಇರಲಿ ಬಿಡಿ. ಗ್ಯಾರೇಜು ಇಟ್ಕೊಂಡೋನಿಗೆ ಕೋಪ ಬರದೆ ಇನ್ನೇನು ಬರುತ್ತೆ? ಗಾಡಿ ಸದ್ದು ಮಾಡ್ತಿದೆ ಅಂತ ಬರ್ತಾರೆ. ಎಲ್ಲಿಂದ ಅಂದ್ರೆ ಗೊತ್ತಿಲ್ಲ, ಯಾವಾಗ ಅಂದ್ರೆ ಯಾವಾಗಲೋ. ಇಂಥ ಪುಣ್ಯಾತ್ಮರ ಮಧ್ಯೆ ನಮ್ಮ ಭಾವ ಒಬ್ಬರೇ ಬೇರೆ ಥರ. ಅಕ್ಕನ ಗಂಡ, ಬಾಡಿಗೆ ಕಾರು ಓಡಿಸೋರು. ತಮ್ಮ ಗಾಡಿಗೆ ಏನಾಗಿದೆ ಅಂತ ನನಗಿಂತ ಮೊದಲು ಅವರಿಗೇ ಗೊತ್ತಿರುತ್ತಿತ್ತು.

ಟ್ಯಾಕ್ಸಿ ಸ್ಟ್ಯಾಂಡಿನವರು ಅವರಿಗೆ ಇಟ್ಟ ಹೆಸರು ‘ಕನ್ನಡಿ’. ಕಾರಣ ಅವರ ಕಾರಿನ ಮುಂದಿನ ಗಾಜು. ಬೆಳಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ಗಾಜು ಒರೆಸೋ ಮನುಷ್ಯ. ಮೊದಲು ಒದ್ದೆ ಬಟ್ಟೆ, ಆಮೇಲೆ ಹಳೇ ಪೇಪರು, ಕೊನೆಗೆ ಬಗ್ಗಿ ಓರೆಯಾಗಿ ಒಂದು ನೋಟ. ಹುಡುಗನಾಗಿ ಲಾರಿ ಕ್ಲೀನರ್ ಕೆಲಸಕ್ಕೆ ಸೇರಿದಾಗ ಅಲ್ಲಿನ ಡ್ರೈವರ್ ಹೊಡೆದು ಬಡಿದು ಕಲಿಸಿದ ಪಾಠವಂತೆ ಅದು. ಗಾಜು ಕೊಳಕಿದ್ರೆ ಗಾಡಿ ಹೊರಡಕೂಡದು. ಅಕ್ಕ ಹೆರಿಗೆ ನೋವಲ್ಲಿ ಹಿಂದಿನ ಸೀಟಲ್ಲಿ ಒದ್ದಾಡ್ತಿದ್ರೆ, ಈ ಮಹಾರಾಯರು ಅರ್ಧ ದಾರೀಲಿ ಗಾಡಿ ನಿಲ್ಲಿಸಿ ಗಾಜಿನ ಮೇಲಿದ್ದ ಕಾಗೆ ಹಿಕ್ಕೆ ಒರೆಸಿದ್ರಂತೆ. ಹುಟ್ಟಿದ ಮಗಳು ದೊಡ್ಡೋಳಾಗಿ, ಮದುವೆಯಾಗಿ ದೂರದ ಊರಿಗೆ ಹೋದ್ಮೇಲೂ ಅಕ್ಕ ಆ ಮಾತು ಬಿಟ್ಟಿರಲಿಲ್ಲ. ಅಕ್ಕನದು ಮೊದಲಿಂದಲೂ ಮಾತು ಕಮ್ಮಿ. ಆಡೋ ನಾಲ್ಕು ಮಾತಲ್ಲಿ ಒಂದು ಇದು.

ಇಂಥವರು ಒಂದು ಬೆಳಗ್ಗೆ ಗ್ಯಾರೇಜಿಗೆ ಬಂದು, ಗಾಜಿಗೆ ನೀರು ಚಿಮ್ಮುತ್ತಿಲ್ಲ, ನೋಡೋ ಅಂದ್ರು. ಪಕ್ಕದ ಸೀಟಲ್ಲಿ ಅಕ್ಕ ಕೂತಿದ್ದಳು. ಆಗ ಕೆಲವು ತಿಂಗಳಿಂದ ಅಕ್ಕ ಭಾವನ ಜೊತೆ ಬಾಡಿಗೆಗೂ ಹೋಗ್ತಿದ್ದಳು. ಮನೇಲಿ ಒಬ್ಬಳೇ ಕೂತು ಬೇಜಾರು ಅಂತಿದ್ದಳು. ಈ ವಯಸ್ಸಲ್ಲಿ ನವ ದಂಪತಿಗಳ ಹಾಗೆ ಸುತ್ತಾಡೋದು ನೋಡಿ ನಾನೂ ಸುಮ್ಮನಿರದೆ ರೇಗಿಸಿದ್ದೆ. ಭಾವ ನಕ್ಕಿದ್ರು. ಅಕ್ಕ ನಕ್ಕಿರಲಿಲ್ಲ.

ಸರಿ, ಬಾನೆಟ್ ಎತ್ತಿದೆ. ಇದೇನು ದೊಡ್ಡ ವಿದ್ಯೆ ಅಲ್ಲ. ಒಂದು ನೀರಿನ ಡಬ್ಬಿ, ಅದರ ಬುಡದಲ್ಲಿ ಬೆರಳುದ್ದದ ಮೋಟರು, ಅಲ್ಲಿಂದ ಒಂದು ಸಣ್ಣ ಪೈಪು, ಪೈಪಿನ ತುದೀಲಿ ಗಾಜಿಗೆ ಮುಖ ಮಾಡಿದ ಎರಡು ತೂತು. ಡಬ್ಬಿಯಲ್ಲಿ ಹನಿ ನೀರಿಲ್ಲ! ಕನ್ನಡಿ ಭಾವನ ಡಬ್ಬಿ ಖಾಲಿ ಇರೋದು ಅಂದ್ರೇನು? ನೀರು ತುಂಬಿಸಿದೆ. ಸ್ಟಿಯರಿಂಗ್ ಪಕ್ಕದ ಕಡ್ಡಿ ಎಳೀರಿ ಅಂದೆ. ಮೋಟರಿಂದ ಗುಯ್ ಅನ್ನೋ ಸದ್ದಿಲ್ಲ. ಫ್ಯೂಸ್ ನೋಡಿದೆ, ಸುಟ್ಟಿತ್ತು. ಹೊಸದು ಹಾಕಿದೆ, ಅದೂ ಪಟ್ ಅಂತು. ಮೋಟರು ಬಿಚ್ಚಿ ಮೂಗಿನ ಹತ್ತಿರ ಹಿಡಿದ್ರೆ ಸುಟ್ಟ ವಾಸನೆ. ನೀರಿಲ್ಲದ ಡಬ್ಬಿ ಮೇಲೆ ಯಾರೋ ಕಡ್ಡಿ ಎಳೆದೂ ಎಳೆದೂ ಇಟ್ಟಿದಾರೆ. ಒಣಗಿದ ಮೋಟರು ಎಷ್ಟು ಹೊತ್ತು ತಡೆಯುತ್ತೆ?

ಎಲ್ಲಾ ಡ್ರೈವರ್‌ಗಳಿಗೂ ಪಾಠ ಹೇಳೋ ನೀವೇ ಹೀಗೆ ಮಾಡಿದ್ರಾ ಅಂತ ಬೈದೆ. ಗಾಜು ಮಂಜು ಮಂಜಾಗಿತ್ತು ಕಣೋ, ಎಷ್ಟು ನೀರು ಹೊಡೆದ್ರೂ ಹೋಗ್ಲಿಲ್ಲ ಅಂದ್ರು. ನಾನು ಗಾಜು ನೋಡಿದೆ. ಫಳಫಳ ಅಂತಿತ್ತು.

ಹೊಸ ಮೋಟರು ಕೂರಿಸಿದೆ, ತೂತುಗಳಿಗೆ ಸೂಜಿ ಹಾಕಿ ಒಳಗೆ ಕಟ್ಟಿದ್ದ ಸೋಪಿನ ಕಸ ತೆಗೆದೆ. ಎಳೀರಿ ಭಾವ ಅಂದೆ. ಪಕ್ಕದಲ್ಲಿ ಟೈರಿಗೆ ಗಾಳಿ ತುಂಬೋ ಯಂತ್ರ ಡಬಡಬ ಅಂತ ಓಡ್ತಿತ್ತು. ಎರಡು ತೂತಿಂದಲೂ ನೀರು ಚಿಮ್ಮಿ ಗಾಜಿನ ತುಂಬ ಹರಡಿ ಇಳೀತು. ಅಷ್ಟು ಚೆನ್ನಾಗಿ ಬಂದದ್ದು ನೋಡಿ ನನಗೇ ಖುಷಿಯಾಯ್ತು.

ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ್ರು, “ನೀರು ಬಂತೇನೋ?”

ತಮಾಷೆ ಅಂದ್ಕೊಂಡೆ. ಭಾವ, ಭಾವಮೈದ ಅಂದ್ಮೇಲೆ ಇಂಥದ್ದು ನಡೆದೇ ಇರುತ್ತೆ. ತಿರುಗಿಸಿ ಏನಾದ್ರೂ ಹೇಳೋಣ ಅಂತ ತಲೆ ಎತ್ತಿದೆ. ಅವರ ಕಣ್ಣು ನನ್ನ ಕಡೆಗಿತ್ತು, ಆದ್ರೆ ನನ್ನ ಮೇಲಿರಲಿಲ್ಲ. ಪಕ್ಕದಲ್ಲಿ ಅಕ್ಕ, ಒದ್ದೆ ಗಾಜಿನ ಆಚೆಯಿಂದ, ಬೇಡ ಬೇಡ ಅಂತ ತಲೆ ಆಡಿಸ್ತಿದ್ದಳು. ಏನು ಎತ್ತ ಅಂತ ತಿಳಿಯೋ ಮೊದಲೇ ಬಾಯಿಂದ ಬಂದುಬಿಡ್ತು.

“ಇಲ್ಲ ಭಾವ. ಬಂದಿಲ್ಲ.”

ಕುಡಿಯೋಕೆ ನೀರು ಬೇಕು ಅನ್ನೋ ನೆಪದಲ್ಲಿ ಅಕ್ಕ ಹಿಂದಿನ ನಲ್ಲಿ ಹತ್ತಿರ ಬಂದಳು. ಅಲ್ಲಿ ಎಲ್ಲ ಹೇಳಿದಳು. ಕಾರಿನ ಟೂಲ್ಸ್ ಡಬ್ಬಿಯಲ್ಲಿ ಕಣ್ಣಿನ ಹನಿ ಔಷಧಿ ಸಿಕ್ಕಿದ್ದು. ಅದನ್ನ ಔಷಧಿ ಅಂಗಡಿಗೆ ತಗೊಂಡು ಹೋಗಿ ಕೇಳಿದ್ದು. ಕಣ್ಣಿನ ನರ ಒಣಗೋ ಕಾಯಿಲೆಯಮ್ಮ, ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬೇಕು ಅಷ್ಟೇ ಅಂತ ಅಂಗಡಿಯವನು ಹೇಳಿದ್ದು. ಗಂಡ ತನ್ನಿಂದ ಮುಚ್ಚಿಟ್ಟಿದಾನೆ ಅಂತ ಗೊತ್ತಾದ ದಿನದಿಂದ ಅವಳು ಪಕ್ಕದ ಸೀಟು ಹಿಡಿದು ಕೂತಿದ್ದಳು. ಕಣ್ಣಿಗೆ ಎಣ್ಣೆ ಬಿಟ್ಕೊಂಡು ರಸ್ತೆ ನೋಡೋದು, ಕಂಡದ್ದನ್ನೆಲ್ಲ ಹರಟೆ ಮಾಡಿ ಹೇಳೋದು. ಅಬ್ಬ, ಈ ಕೆಂಪು ದೀಪ ಎಷ್ಟು ಹೊತ್ತಪ್ಪ! ನೋಡ್ರೀ, ಆ ಸೈಕಲ್‌ನವನು ಹೇಗೆ ಅಡ್ಡ ಬಂದ! ಹಿಂದೆ ಕೂತ ಬಾಡಿಗೆಯವರು, ಯಜಮಾನ್ರೇ, ನಿಮ್ಮ ಮನೆಯವರು ರೇಡಿಯೋ ಇದ್ದ ಹಾಗೆ ಅಂತಿದ್ರಂತೆ. ಹಿಂದಿನ ದಿನ ಒಬ್ಬ ತಳ್ಳುಗಾಡಿಯವನು ಎದುರಿಗೆ ಬಂದಾಗ ಹರಟೆಗೆ ಸಮಯವೇ ಇರಲಿಲ್ಲ. ಚಪ್ಪಲಿ ಬಿದ್ದೋಯ್ತು ನಿಲ್ಲಿಸ್ರೀ ಅಂತ ಕಿರುಚಿದ್ದಳು. ಗಾಡಿ ಅವನ ಸೊಂಟದ ಹತ್ತಿರ ನಿಂತಿತ್ತು.

ನನಗೆ ರಕ್ತ ಕುದೀತು. ನಿನಗೇನು ತಲೆ ನೆಟ್ಟಗಿದ್ಯಾ, ಊರವರ ಪ್ರಾಣ ಏನು ನಿಮ್ಮಿಬ್ಬರ ಆಟದ ಸಾಮಾನಾ ಅಂತ ಬಾಯಿಗೆ ಬಂದದ್ದು ಬೈದೆ. ಈಗಲೇ ಹೋಗಿ ಹೇಳ್ತೀನಿ ಅಂದೆ. ಅಕ್ಕ ನನ್ನ ಕೈ ಹಿಡ್ಕೊಂಡಳು. ಗಾಡಿ ಓಡಿಸೋದು ಬಿಡಿ ಅನ್ನೋ ಮಾತು ತನ್ನ ಬಾಯಿಂದಾಗಲಿ ತನ್ನ ತಮ್ಮನ ಬಾಯಿಂದಾಗಲಿ ಬಂದ್ರೆ ಆ ಮನುಷ್ಯ ಬದುಕಿದ್ದೂ ಸತ್ತ ಹಾಗೆ ಅಂದಳು. ಗಾಡಿ ನಿನ್ನ ಹತ್ತಿರ ಇಟ್ಕೋ, ಏನಾದ್ರೂ ಹೇಳು, ಎಷ್ಟು ದಿನ ಆಗುತ್ತೋ ಅಷ್ಟು ದಿನ ಇಟ್ಕೋ, ನಿನ್ನ ಕಾಲಿಗೆ ಬೀಳ್ತೀನಿ ಅಂದಳು. ನನ್ನನ್ನ ಎತ್ತಿ ಆಡಿಸಿದ ಅಕ್ಕ. ಅಂಥ ಮಾತಾಡಿದ್ರೆ ಯಾರು ತಾನೇ ಇಲ್ಲ ಅಂತಾರೆ?

ಹೀಗೆ, ಕೆಟ್ಟಿರೋದನ್ನ ಸರಿ ಮಾಡಿ ಹೊಟ್ಟೆ ಹೊರೆಯೋ ನಾನು ಸರಿಯಾಗಿರೋದನ್ನ ಕೆಟ್ಟಿದೆ ಅಂತ ಹೇಳೋ ಕೆಲಸಕ್ಕೆ ಇಳಿದೆ. ಭಾವ ದಿನಾ ಬೆಳಗ್ಗೆ ನಡ್ಕೊಂಡು ಬಂದು ಹಳೇ ಟೈರಿನ ಮೇಲೆ ಕೂರೋರು. ಅಕ್ಕ ಗ್ಯಾರೇಜಿನ ಬಾಗಿಲವರೆಗೆ ಬಿಟ್ಟು ಹೋಗೋಳು, ಮಾರ್ಕೆಟ್ಟಿಗೆ ಇದೇ ದಾರಿ ಅಂತ. ಇವತ್ತು ಏನಂತೋ ಅಂತ ಭಾವ ಕೇಳೋರು. ಪೈಪಲ್ಲಿ ಎಲ್ಲೋ ಸೋರ್ತಿದೆ ಅಂತ ಒಂದು ದಿನ. ವೈರು ಮುರಿದಿದೆ ಅಂತ ಒಂದು ದಿನ. ಅಂಗಡಿಯವನು ಕಳಿಸಿದ ಮೋಟರು ಬೇರೆ ಗಾಡೀದು, ವಾಪಸ್ ಕಳಿಸಿದೀನಿ ಅಂತ ಒಂದು ವಾರವೇ ತಳ್ಳಿದೆ. ಒಂದು ಸುಳ್ಳು ಮುಚ್ಚೋಕೆ ನೂರು ಸುಳ್ಳು ಅಂತಾರಲ್ಲ, ಲೆಕ್ಕ ಇಟ್ಟೋರು ಯಾರು? ಅವರೋ ಒಂದಕ್ಕೂ ಎದುರು ಹೇಳಲಿಲ್ಲ. ಬದಲಿಗೆ, ಡಬ್ಬಿಯಿಂದ ಬರೋ ಬಾಯಲ್ಲಿ ಜಾಲರಿ ಇರುತ್ತೆ ನೋಡು, ಬಾನೆಟ್ ಮಡಚೋ ಜಾಗದಲ್ಲಿ ಪೈಪು ಸವೆದಿರುತ್ತೆ ನೋಡು ಅಂತ ಹೊಸ ಹೊಸ ದಾರಿ ತೋರಿಸೋರು. ಎಲಾ, ಈ ಮನುಷ್ಯ ನನ್ನ ಸುಳ್ಳಿಗೆ ಊರುಗೋಲು ಕೊಡ್ತಿದಾರಲ್ಲ ಅನ್ನಿಸೋದು. ಆದ್ರೂ ನನ್ನ ಮಂದ ಬುದ್ಧಿಗೆ ಹೊಳೀಲಿಲ್ಲ.

ಸಂಜೆ ಅವರು ಹೋದ್ಮೇಲೆ ಒಬ್ಬನೇ ಆ ಕಾರಲ್ಲಿ ಕೂತು ಕಡ್ಡಿ ಎಳೀತಿದ್ದೆ. ಪ್ರತಿ ಸಲಾನೂ ನೀರು ಬರೋದು. ಬೈಕೊಂಡು ಗಾಜು ಒರೆಸಿ ಮನೆಗೆ ಹೋಗ್ತಿದ್ದೆ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಗ್ಯಾರೇಜು ನಿಶ್ಶಬ್ದವಾಗಿತ್ತು. ಭಾವ ಮಡಿಲಲ್ಲಿ ಬೋಲ್ಟುಗಳ ತಟ್ಟೆ ಇಟ್ಕೊಂಡು ಬೆರಳಲ್ಲೇ ತಡವಿ ದೊಡ್ಡದು ಚಿಕ್ಕದು ಬೇರೆ ಮಾಡ್ತಿದ್ರು. ತಲೆ ಎತ್ತದೆ, ಸಾಕು ಬಿಡೋ ಅಂದ್ರು. ಏನು ಸಾಕು ಅಂದೆ.

“ಮೊದಲನೇ ದಿನವೇ ನೀರು ಬಂತಲ್ಲೋ. ಕಿಟಕಿ ಮೇಲಿಟ್ಟಿದ್ದ ಕೈಯೆಲ್ಲ ಒದ್ದೆಯಾಗಿತ್ತು.”

ನಾನು ಸ್ಪ್ಯಾನರ್ ಕೆಳಗಿಟ್ಟೆ. ಮತ್ಯಾಕೆ ಬಂತೇನೋ ಅಂತ ಕೇಳಿದ್ರಿ ಅಂದೆ. ಅವರು ನಿಧಾನಕ್ಕೆ ಹೇಳಿದ್ರು. ಡಾಕ್ಟರು ಗಾಡಿ ಓಡಿಸೋದು ಬಿಡಿ ಅಂತ ಹೇಳಿ ಬಹಳ ದಿನವಾಗಿತ್ತಂತೆ. ಇವತ್ತು ಬಿಡ್ತೀನಿ, ನಾಳೆ ಬಿಡ್ತೀನಿ ಅಂತಿರುವಾಗ ಅಕ್ಕ ಬಂದು ಪಕ್ಕದಲ್ಲಿ ಕೂತಳಂತೆ. ಅವಳಿಗೆ ಗೊತ್ತಾಗಿದೆ ಅಂತ ಅವತ್ತೇ ಇವರಿಗೆ ಗೊತ್ತಾಯ್ತಂತೆ. ತಳ್ಳುಗಾಡಿಯವನ ದಿನ ಮನೆಗೆ ಬಂದು, ಅಕ್ಕ ಒಳಗೆ ಹೋದ್ಮೇಲೆ, ಇವರೇ ಡಬ್ಬಿ ಖಾಲಿ ಆಗೋವರೆಗೆ ನೀರು ಹೊಡೆದು, ಆಮೇಲೂ ಕಡ್ಡಿ ಎಳೆದು ಹಿಡಿದಿದ್ರಂತೆ, ಸುಟ್ಟ ವಾಸನೆ ಬರೋವರೆಗೆ. ‘ಕನ್ನಡಿ’ ಗಾಜು ತೊಳೀದೆ ಗಾಡಿ ತೆಗೆಯಲ್ಲ ಅಂತ ಊರಿಗೆಲ್ಲ ಗೊತ್ತು. ಅದೊಂದು ಕೆಟ್ರೆ ಗಾಡಿ ನಿಲ್ಲಿಸೋಕೆ ಮರ್ಯಾದೆಯ ನೆಪ ಸಿಗುತ್ತೆ.

“ಅವತ್ತು ನೀನು ಬಂತು ಅಂದಿದ್ರೆ ನಾನು ಗಾಡಿ ತಗೊಂಡು ಹೊರಡಬೇಕಿತ್ತು. ಬಂದಿಲ್ಲ ಅಂದೆ. ಬದುಕಿದೆ ಅಂದ್ಕೊಂಡೆ ಕಣೋ.”

ಸಿಟ್ಟು ಬಂತು ನನಗೆ, ಸುಳ್ಳು ಯಾಕೆ ಹೇಳಲಿ. ಡಾಕ್ಟರು ಹೇಳಿದ ದಿನವೇ ನಿಲ್ಲಿಸೋಕೆ ಏನಾಗಿತ್ತು ನಿಮಗೆ ಅಂತ ಜೋರಾಗೇ ಕೇಳಿದೆ. ಆ ತಳ್ಳುಗಾಡಿಯವನಿಗೆ ಹೆಂಡತಿ ಮಕ್ಕಳಿಲ್ವಾ ಅಂದೆ. ಇದಾರೆ, ದಿನಾ ರಾತ್ರಿ ಅದೇ ಯೋಚನೆ ಅಂದ್ರು. ತಟ್ಟೆ ಕೆಳಗಿಟ್ರು. ಆಮೇಲೆ ಹೇಳಿದ್ದನ್ನ ಅಕ್ಕನಿಗೆ ನಾನು ಇವತ್ತಿಗೂ ಹೇಳಿಲ್ಲ.

“ಮದುವೆಯಾಗಿ ಇಷ್ಟು ವರ್ಷ, ನಿಮ್ಮಕ್ಕ ನನ್ನ ಹತ್ತಿರ ಅಷ್ಟು ಮಾತಾಡಿದ್ದೇ ಇಲ್ಲ. ನಾನು ರಸ್ತೆ ಮೇಲೆ, ಅವಳು ಮನೇಲಿ. ಪಕ್ಕದಲ್ಲಿ ಕೂತು ದೀಪ ಅಂದಳು, ಮರ ಅಂದಳು, ಯಾರದೋ ನೀಲಿ ಸೀರೆ ಅಂದಳು. ಗಾಡಿ ನಿಂತ್ರೆ ಅದೂ ನಿಲ್ಲುತ್ತಲ್ಲ ಅಂತ ಆಸೆಗೆ ಬಿದ್ದೆ.”

ನಾನು ಬೆನ್ನು ತಿರುಗಿಸಿ ಬೆಂಚಿನ ಮೇಲಿದ್ದ ಸಾಮಾನು ಜೋಡಿಸಿದೆ. ಈಗ ಎಷ್ಟು ಕಾಣುತ್ತೆ ಅಂತ ಕೇಳಿದೆ. ಬಾಗಿಲು ಎಲ್ಲಿದೆ ಅಂತ ಬೆಳಕಿಂದ ಗೊತ್ತಾಗುತ್ತೆ, ನೀನು ದನಿಯಿಂದ ಗೊತ್ತಾಗ್ತೀಯ ಅಂದ್ರು. ನಿಂತ ಗಾಡಿ ಕೆಡುತ್ತೆ, ಓಡಿಸೋರಿಗೆ ಯಾರಿಗಾದ್ರೂ ಕೊಟ್ಟುಬಿಡು ಅಂದ್ರು. ಅದಕ್ಕೆ ಮುಂಚೆ ಒಂದು ಸಲ ಅದರಲ್ಲಿ ಮನೆಗೆ ಕರ್ಕೊಂಡು ಹೋಗು ಅಂತ ಕೇಳಿದ್ರು.

ಅವರ ಜಾಗದಲ್ಲಿ ನಾನು ಕೂತೆ. ಅವರು ಪಕ್ಕದ ಸೀಟಲ್ಲಿ ಕೂತು ಬೆಲ್ಟಿಗೆ ಕೈ ಹಾಕಿದ್ರು. ಕೈ ಹೋದದ್ದು ಡ್ರೈವರಿನ ಬೆಲ್ಟು ಇರೋ ಕಡೆಗೆ. ಅಲ್ಲಿ ನನ್ನ ತೋಳು ಸಿಕ್ಕಿತು. ಆ ಕಡೆ ಭಾವ ಅಂದೆ. ಓ ಹೌದಲ್ಲ ಅಂದ್ರು. ದಾರಿಯುದ್ದಕ್ಕೂ ನಾನೂ ಏನಾದ್ರೂ ಹೇಳೋಣ ಅಂದ್ಕೊಂಡೆ, ದೀಪ, ಮರ, ಸೈಕಲ್ಲು. ಜಗಳಕ್ಕೆ ಬರೋ ಮಾತು ಅವತ್ತು ಒಂದೂ ಬರಲಿಲ್ಲ.

ಕಾರಿನ ಸದ್ದು ಕೇಳಿ ಅಕ್ಕ ಗಾಬರಿಯಿಂದ ಗೇಟಿಗೆ ಓಡಿ ಬಂದಳು. ಇಷ್ಟು ದಿನ ಗಾಡಿ ನಿಂತ ತಕ್ಷಣ ತಾನೇ ಮೊದಲು ಇಳಿದು, ಸುತ್ತಿ ಬಂದು, ಬ್ಯಾಗು ಕೊಡಿ ಅನ್ನೋ ನೆಪದಲ್ಲಿ ಡ್ರೈವರಿನ ಬಾಗಿಲು ತೆಗೆದು ಗಂಡನ ಕೈ ಹಿಡೀತಿದ್ದಳಂತೆ. ಅದೇ ರೂಢಿಯಲ್ಲಿ ಬಂದು ಬಾಗಿಲು ತೆಗೆದಳು. ಕೈ ಚಾಚಿದಳು. ಸೀಟಲ್ಲಿ ನಾನಿದ್ದೆ.

ಆಚೆ ಬದಿಯಲ್ಲಿ ಭಾವ ಅಷ್ಟರಲ್ಲಿ ತಾವೇ ಇಳಿದು, ಒಂದು ಕೈ ಕಾರಿನ ಮೇಲಿಟ್ಟು, ಇನ್ನೊಂದು ಕೈ ಗಾಳಿಯಲ್ಲಿ ಮುಂದೆ ಮಾಡಿ ನಿಂತಿದ್ರು. ಬೀದಿಯಲ್ಲೇ, ಮುಚ್ಚಿಡದೆ, ಮೊದಲನೇ ಸಲ. ಅಕ್ಕ ನನ್ನ ಮುಖ ನೋಡಿದಳು, ಅವರನ್ನ ನೋಡಿದಳು, ಬಾಗಿಲು ಹಿಡಿದು ಅಲ್ಲೇ ನಿಂತುಬಿಟ್ಟಳು.

“ಎಲ್ಲಿದೀಯೇ?” ಅಂದ್ರು ಭಾವ. ಸ್ವಲ್ಪ ಹೊತ್ತು ಕಾದ್ರು. “ಮಾತಾಡೇ. ನೀನು ಮಾತಾಡದೆ ಇದ್ರೆ ನನಗೆ ಏನೂ ಕಾಣಲ್ಲ.”

ಅಕ್ಕ ಸೆರಗಲ್ಲಿ ಮುಖ ಒರೆಸ್ಕೊಂಡಳು. ಬಾನೆಟ್ ಸುತ್ತಿ ಹೋಗಿ ಅವರ ಕೈ ಹಿಡಿದಳು.

“ಇಲ್ಲೇ ಇದೀನಿ ರೀ,” ಅಂದಳು. “ಮುಂದೆ ಗೇಟು ತೆಗೆದಿದೆ. ಆಮೇಲೆ ಮೆಟ್ಟಿಲು.”