ಬೆನ್ನನ್ನು ಕೇಳುವ ಮೇಸ್ತ್ರಿ

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಯಾವ ಕಾಲದಲ್ಲೋ ಇಟ್ಟಿಗೆ ಬಿದ್ದು ಸೀಳಿದ್ದಂತೆ. ಆಮೇಲೆ ಎಷ್ಟು ಸಲ ಬೆಳೆದರೂ ಎರಡು ಹೋಳಾಗಿಯೇ ಬೆಳೆಯುತ್ತಿತ್ತು. ಮಾತಾಡುವ ಮೊದಲು ಆ ಹೆಬ್ಬೆರಳನ್ನು ಮೂಗಿನ ತುದಿಗೆ ಒಮ್ಮೆ ಒತ್ತಿಕೊಳ್ಳುತ್ತಿದ್ದರು, ಕಾಲಿಂಗ್ ಬೆಲ್ ಒತ್ತಿದ ಹಾಗೆ. ಆಮೇಲೆ ಮಾತು ಬಾಗಿಲು ತೆಗೆದುಕೊಂಡು ಹೊರಗೆ ಬರುತ್ತಿತ್ತು. ನಾನು ಅವರಿಂದ ಮೊದಲು ಕದ್ದದ್ದು ಅದನ್ನೇ.

ಕದಿಯುವುದು ನನ್ನ ಕಸುಬು. ಪ್ರಿನ್ಸಿಪಾಲರ ಕೆಮ್ಮು, ಸೊರಬ ಬಸ್ ಸ್ಟ್ಯಾಂಡಿನ ಕಂಡಕ್ಟರ ಕೂಗು, ಫೋನಿನಲ್ಲಿ ಇಡೀ ಊರಿಗೆ ಕೇಳುವಂತೆ ಗುಟ್ಟು ಹೇಳುವ ನನ್ನಪ್ಪ, ಕನ್ನಡಿ ಮುಂದೆ ನಿಂತು ತಾನು ಚೆನ್ನಾಗಿದ್ದೇನೆ ಎಂದು ನಂಬಿಕೊಂಡ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಅದರಲ್ಲಿ ಮೇಸ್ತ್ರಿಗೆ ಮೊದಲ ಸ್ಥಾನ. ಅವರು ಶಿಕಾರಿಪುರದ ಕಡೆಯವರು, ತಾಳಗುಂದದ ಹತ್ತಿರದ ಹಳ್ಳಿ. ಸೊರಬದ ಹೊರಗಿನ ನಮ್ಮ ಕಾಲೇಜನ್ನು ಕಟ್ಟಲು ಹರೆಯದಲ್ಲಿ ಬಂದವರು, ಕಟ್ಟಿ ಮುಗಿದ ಮೇಲೂ ಒಡೆದ ಹಂಚು, ಸೋರುವ ನಲ್ಲಿ ಎಂದು ಅಲ್ಲೇ ಉಳಿದರು. ನಮಗೆ ಗಾಳಿ 'ಬರ್ತದೆ', ಅವರಿಗೆ 'ಬರ್ತತಿ'. ಅವರು ಬಾಯಿ ತೆರೆದರೆ ನನಗೆ ಹಬ್ಬ.

ಕಾಲೇಜು ಅಂದರೆ ಜಂಬಿಟ್ಟಿಗೆ ಕಲ್ಲಿನ ಉದ್ದನೆಯ ಕಟ್ಟಡ, ಮೇಲೆ ಹಂಚು, ಪಶ್ಚಿಮಕ್ಕೊಂದು ವರಾಂಡ. ಆ ವರಾಂಡದ ಹೊರಗೋಡೆ, ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಜೋಡಿಸಿದ ಜಾಲಿ ಗೋಡೆ, ಪೂರ್ತಿ ಮೇಸ್ತ್ರಿಯ ಕೈಕೆಲಸ. ಇದು ಚಂದವೋ ಅಲ್ಲವೋ ಎಂದು ಕಾಲೇಜಿನಲ್ಲಿ ಎಷ್ಟು ಬೆಂಚುಗಳೋ ಅಷ್ಟು ವಾದ. ನನ್ನ ಗೆಳತಿ ಸುಮಾ, "ಇದು ಅಕ್ಕಿ ಗಿರಣಿ ಕಣೋ, ಯಾರೋ ಬೋರ್ಡು ತಪ್ಪಾಗಿ ಬರೆದಿದಾರೆ" ಅನ್ನುತ್ತಿದ್ದಳು. ಇತಿಹಾಸದ ಮೇಡಂಗೆ ಮಾತ್ರ ಆ ಕಿಂಡಿಗಳ ಬೆಳಕು ನೆಲಕ್ಕೆ ಬಿದ್ದಾಗಲೆಲ್ಲ ಕುಬಟೂರಿನ ಹಳೆಯ ದೇವಸ್ಥಾನ ನೆನಪಾಗುತ್ತಿತ್ತು. ನಾನು ಗಾಜಿನ ಪಕ್ಷ. ಪೇಟೆಯ ಕಾಲೇಜುಗಳಿಗೆ ಮುಂಭಾಗದಲ್ಲಿ ನೀಲಿ ಗಾಜು ಇರುತ್ತದಲ್ಲ, ಅದರ ಮುಂದೆ ಫೋಟೋ ತೆಗೆಸಿದರೆ ಓದಿದವನ ಹಾಗೆ ಕಾಣುತ್ತಿದ್ದೆ. ಓದದೆ ಹಾಗೆ ಕಾಣಲು ಬೇರೆ ದಾರಿ ನನಗೆ ಗೊತ್ತಿರಲಿಲ್ಲ.

ಈ ವಾದ ಕಿವಿಗೆ ಬಿದ್ದರೆ ಮೇಸ್ತ್ರಿ ಕರಣೆ ಕೆಳಗಿಟ್ಟು ಬರುತ್ತಿದ್ದರು.

"ಹೊರಗ ನಿಂತು ನೋಡಿದ್ರ ಏನು ತಿಳೀತತಿ? ಬಾ ಇಲ್ಲಿ. ಕುಂದ್ರು. ಬೆನ್ನು ಹಚ್ಚು."

ಜಾಲಿ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ತಾವೂ ಪಕ್ಕದಲ್ಲಿ ಕೂತು ಹತ್ತು ನಿಮಿಷ ಪಿಟ್ಟೆನ್ನುತ್ತಿರಲಿಲ್ಲ. ಆಮೇಲೆ ಮೂಗಿಗೆ ಹೆಬ್ಬೆರಳೊತ್ತಿ ಕೇಳುವುದು: "ಬೆನ್ನು ಏನಂತತಿ?"

ಅಧ್ಯಕ್ಷರಿರಲಿ, ಅಡ್ಮಿಷನ್ನಿಗೆ ಬಂದ ತಂದೆತಾಯಿಯಿರಲಿ, ಯಾರನ್ನೂ ಬಿಟ್ಟವರಲ್ಲ. ದೊಡ್ಡವರಿಗೆ ಒಂದು 'ರೀ' ಹೆಚ್ಚು, ಅಷ್ಟೆ. ನನ್ನನ್ನು ಮಾರ್ಚಿನ ಒಂದು ಮಧ್ಯಾಹ್ನ ಕೂರಿಸಿದರು. ಬೆವರಿಗೆ ಅಂಟಿದ ಅಂಗಿಯ ಮೇಲೆ ಕಿಂಡಿಯಿಂದ ಗಾಳಿ ಹರಿದು ಬೆನ್ನೆಲ್ಲ ತಣ್ಣಗಾಯಿತು. ತಣ್ಣಗಾಯಿತು ಎಂದು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅವರದೇ ದನಿಯಲ್ಲಿ, "ಬೆನ್ನು ಕ್ಯಾಂಟೀನಿಗೆ ಹೋಗೂನು ಅಂತತಿ ಮೇಸ್ತ್ರಿ" ಅಂದೆ. ಅವರು ತೊಡೆ ತಟ್ಟಿಕೊಂಡು ನಕ್ಕರು. "ಇವ ನಮ್ಮ ಊರಾವನಾ ಆಗ್ಯಾನಲ್ಲ!" ಪ್ರೀತಿಯಿಂದ ಅವರ ಮಾತು ಕಲಿತಿದ್ದೇನೆ ಎಂದುಕೊಂಡಿದ್ದರು.

ಆಮೇಲೆ ಆಡಳಿತ ಮಂಡಳಿಗೂ ಗಾಜಿನ ಆಸೆ ಹುಟ್ಟಿತು. ಜಾಲಿ ಗೋಡೆ ಕೆಡವಿ, ವರಾಂಡವನ್ನು ಮುಚ್ಚಿ, ಉದ್ದಕ್ಕೂ ಗಾಜು ಕೂರಿಸುವ ನಕ್ಷೆ ಬಂತು. ಒಪ್ಪಿಗೆಗೆ ಪೋಷಕರು, ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವ ಸಭೆ ಕರೆದರು. ಅವತ್ತು ಬೆಳಿಗ್ಗೆ ಮೇಸ್ತ್ರಿ ಒಗೆದ ಬಿಳಿ ಅಂಗಿ ತೊಟ್ಟು ನನ್ನನ್ನು ನಲ್ಲಿಯ ಹತ್ತಿರ ಕರೆದರು.

"ಇವತ್ತು ಒಂದು ಮಾತು ಹೇಳಾವದೀನಿ. ಮೈಕಿನಾಗ ಎಂದೂ ಮಾತಾಡಿಲ್ಲಪ. ನೀ ದಿನಾ ಮಾತಾಡಾವ. ಸರಿ ಐತೇನು ಕೇಳು."

ಹೆಬ್ಬೆರಳು ಮೂಗಿಗೆ ಹೋಯಿತು. "ಗಾಜು ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಪಶ್ಚಿಮದ ಗ್ವಾಡಿ ಒಂದು ಬಿಡ್ರಿ. ಅದು ಗ್ವಾಡಿ ಅಲ್ರಿ, ಈ ಕಟ್ಟಡದ ಮೂಗು. ಮೂಗು ಮುಚ್ಚಿದ್ರ ಹುಡುಗ್ರು ಹೆಂಗ ಕುಂದ್ರಬೇಕ್ರಿ? ಒಮ್ಮೆ ಬೆನ್ನು ಹಚ್ಚಿ ನೋಡ್ರಿ, ಆಮ್ಯಾಲ ಕೈ ಎತ್ರಿ."

"ಸೂಪರ್ ಮೇಸ್ತ್ರಿ" ಅಂದೆ. ನಿಜವಾಗಿಯೂ ಸೂಪರ್ ಅನ್ನಿಸಿತ್ತು. ಅಲ್ಲೇ ಬಂದದ್ದು ಗ್ರಹಚಾರ.

ಅಧ್ಯಕ್ಷರು ಬರುವುದು ತಡವಾಯಿತು. ಸಭೆ ಗುಜುಗುಜು ಎನ್ನತೊಡಗಿತು. ಕಾರ್ಯದರ್ಶಿಗಳು ನನ್ನ ಕೈಗೆ ಮೈಕು ಕೊಟ್ಟು, "ಒಂದೈದು ನಿಮಿಷ ಏನಾದ್ರೂ ಮಾಡಪ್ಪ" ಅಂದರು. ಪ್ರಿನ್ಸಿಪಾಲರ ಕೆಮ್ಮು ಮುಗಿಯಿತು, ಕಂಡಕ್ಟರು ಇಳಿದು ಹೋದರು. ಹಿಂದಿನಿಂದ ಯಾರೋ "ಮೇಸ್ತ್ರೀ!" ಎಂದು ಕೂಗಿದರು. ಮೇಸ್ತ್ರಿ ಹಿಂದಿನ ಕೋಣೆಯಿಂದ ಬೆಂಚು ತರಲು ಹೋಗಿದ್ದರು. ನನ್ನ ಹೆಬ್ಬೆರಳು ಮೂಗಿಗೆ ಹೋಯಿತು, ಬೆಳಿಗ್ಗೆ ಕೇಳಿದ್ದು ಬಾಯಿಗೆ ಬಂತು. ಗಾಜು ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಮೂಗು ಮುಚ್ಚಿದ್ರ ಹುಡುಗ್ರು ಹೆಂಗ ಕುಂದ್ರಬೇಕ್ರಿ? ಒಂದಕ್ಷರ ಬಿಡಲಿಲ್ಲ. ಕೊನೆಗೆ ಕಾರ್ಯದರ್ಶಿಗಳ ಬೆನ್ನಿಗೇ ನನ್ನ ಬೆನ್ನು ಹಚ್ಚಿ, "ಏನಂತತ್ರೀ?" ಅಂದೆ. ಜನ ಬಿದ್ದು ಬಿದ್ದು ನಕ್ಕರು. ಅಷ್ಟು ಚಪ್ಪಾಳೆ ನನಗೆ ಮುಂದೆಂದೂ ಬಂದಿಲ್ಲ.

ಅಧ್ಯಕ್ಷರು ಬಂದರು, ನಕ್ಷೆ ತೋರಿಸಿದರು, ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳಿದರು. ಕೊನೆಯ ಬೆಂಚಿನಿಂದ ಮೇಸ್ತ್ರಿ ಎದ್ದು ಮುಂದೆ ಬಂದು ಮೈಕು ಹಿಡಿದರು. ಹೆಬ್ಬೆರಳನ್ನು ಮೂಗಿಗೆ ಒತ್ತಿದರು. ಅಷ್ಟಕ್ಕೇ ನಗು ಶುರು.

"ಗಾಜು ಹಾಕ್ರಿ, ಬ್ಯಾಡ ಅನ್ನಂಗಿಲ್ಲ..."

ಸಭೆ ಸಿಡಿಯಿತು. ಅಧ್ಯಕ್ಷರೊಬ್ಬರನ್ನು ಬಿಟ್ಟು ಎಲ್ಲರಿಗೂ ಮುಂದಿನ ಸಾಲು ಗೊತ್ತಿತ್ತು. "ಮೂಗು, ಮೂಗು!" ಎಂದು ಹುಡುಗರು ಕೂಗಿದರು. ಮೇಸ್ತ್ರಿ ಕಕ್ಕಾಬಿಕ್ಕಿಯಾಗಿ ಎಡಗೈಯನ್ನು ಹಿಂದಕ್ಕೆ ಒಯ್ದು ತಮ್ಮ ಅಂಗಿಯ ಬೆನ್ನು ಸವರಿ ನೋಡಿಕೊಂಡರು, ಯಾರಾದರೂ ಚೀಟಿ ಅಂಟಿಸಿದ್ದಾರೇನೋ ಎಂದು. ಏನೂ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದರು. ಬೆಳಿಗ್ಗೆ ಆ ಮಾತು ಕೇಳಿದವನು ನಾನೊಬ್ಬನೇ.

"ಆತ್ರಿ" ಎಂದು ಮೈಕು ಇಟ್ಟರು.

ಗಾಜಿಗೆ ಕೈಗಳು ಎದ್ದವು. ನನ್ನದೂ ಎದ್ದಿತು. ಸುಳ್ಳೇಕೆ ಹೇಳಲಿ?

ಕೆಡವುವ ಕೆಲಸವನ್ನು ಅವರೇ ಕೇಳಿ ಪಡೆದರು. ಜೆಸಿಬಿ ಅರ್ಧ ಗಂಟೆಯಲ್ಲಿ ಮುಗಿಸುವುದನ್ನು ಉಳಿ ಹಿಡಿದು ವಾರ ಮಾಡಿದರು, ಒಂದೊಂದೇ ಇಟ್ಟಿಗೆ, ಮೂಲೆ ಮುಕ್ಕಾಗದ ಹಾಗೆ. ಮೂರನೆಯ ದಿನ ಹತ್ತಿರ ಹೋಗಿ ನಿಂತೆ. ಒಂದು ಇಟ್ಟಿಗೆ ನನ್ನ ಕೈಗಿಟ್ಟು, "ಹಿಡಿ. ಬೀಳಿಸಬ್ಯಾಡ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ನನಗಿಂತ ನೀನಾ ಚಲೋ ಹೇಳಿದ್ಯಂತ. ಯಾರೋ ಅಂದ್ರು" ಅಂದರು. ದನಿಯಲ್ಲಿ ಕೊಂಕು ಇರಲಿಲ್ಲ, ನಾನು ಹುಡುಕಿದೆ. ಬೈದಿದ್ದರೆ ಆ ಬೈಗುಳವನ್ನಾದರೂ ಮಿಮಿಕ್ರಿ ಮಾಡಿ ಹಗುರಾಗುತ್ತಿದ್ದೆ. ಇಟ್ಟಿಗೆಗಳನ್ನು ಟ್ರ್ಯಾಕ್ಟರಿಗೆ ತುಂಬಿಸಿಕೊಂಡು ಊರಿಗೆ ಹೋದವರು ಕಾಲೇಜಿಗೆ ಮತ್ತೆ ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಗಾಜಿನ ಹಿಂದೆ ಕೂತು ಸುಮಾ ನೋಟ್ಸಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಗಿರಣಿನೇ ವಾಸಿ ಇತ್ತು ಕಣೋ, ಇದು ಒಲೆ" ಅಂದಳು. ಗಾಜಿನಲ್ಲಿ ನನ್ನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ನೋಡಿಕೊಳ್ಳಲಿಲ್ಲ.

ಈಗ ನಾನು ಶಿಕಾರಿಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹೋದ ವರ್ಷ ಅಲ್ಲಿ ಹೊಸ ಕೊಠಡಿಗಳ ನಕ್ಷೆ ಮೇಜಿನ ಮೇಲೆ ಹರಡಿತ್ತು; ಮತ್ತದೇ ಗಾಜು. ನಾನು ಎದ್ದು ನಿಂತು, ಪಶ್ಚಿಮಕ್ಕೆ ಜಾಲಿ ಗೋಡೆ ಇರಲಿ, ಕಟ್ಟಡಕ್ಕೆ ಅದೇ ಮೂಗು, ಕೂತವರ ಬೆನ್ನಿಗೆ ಹಿತವಾಗಿರುವುದೇ ಚಂದ ಎಂದು ಶುದ್ಧ ಕನ್ನಡದಲ್ಲಿ ಹೇಳಿದೆ. ಒಬ್ಬರೂ ನಗಲಿಲ್ಲ. "ಒಳ್ಳೆ ವಿಚಾರ ಸರ್, ಎಲ್ಲಿ ಓದಿದ್ರಿ?" ಎಂದು ಕೇಳಿದರು. "ಹೀಗೇ, ಎಲ್ಲೋ" ಅಂದೆ. ಗೋಡೆ ಎದ್ದಿತು. ಮೇಸ್ತ್ರಿಯನ್ನು ಕರೆತಂದು ತೋರಿಸಬೇಕು ಎಂದುಕೊಂಡೆ. ಕರೆತಂದರೆ ಅವರು ಮಾತಾಡುತ್ತಾರೆ, ಮಾತಾಡಿದರೆ ವಿಚಾರ ಯಾರದೆಂದು ತಿಳಿಯುತ್ತದೆ. ಹಾಗಾಗಿ ಆ ಭಾನುವಾರ, ಈ ಭಾನುವಾರ ಎಂದು ಮುಂದೂಡಿದೆ. ಅಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಹನ್ನೊಂದನೆಯ ದಿನ ಹೋದೆ. ಮೆಕ್ಕೆಜೋಳದ ಹೊಲದ ಪಕ್ಕದ ಮನೆ. ಮುಂದಿನ ಕಟ್ಟೆಯ ಪಶ್ಚಿಮದ ಬದಿಗೆ ಆ ಇಟ್ಟಿಗೆಗಳೇ, ಆ ಕಿಂಡಿಗಳೇ. ಅವರ ಹೆಂಡತಿ ನನ್ನನ್ನು ಅಲ್ಲೇ ಕೂರಿಸಿ ನೀರು ಕೊಟ್ಟರು. ಸೊರಬದಿಂದ ಪರಿಚಯ ಎಂದಿದ್ದೆ.

"ಸೊರಬದಾವ್ರೇನ್ರಿ? ಅಲ್ಲಿ ಕಾಲೇಜಿನಾಗ ಒಬ್ಬ ಹುಡುಗ ಇದ್ದನಂತ, ಥೇಟ್ ಇವರ ಹಂಗಾ ಮಾತಾಡತಿದ್ನಂತ. ನೆನೆಸಿಕೊಂಡು ನಗತಿದ್ರು. ಒಮ್ಮೆ ಕರಕೊಂಡು ಬರ್ತೀನಿ, ನೀನೂ ಕೇಳು ಅಂತಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀವೇನ್ರಿ ಆ ಹುಡುಗ?"

ಮೂಗಿನ ಕಡೆ ಹೊರಟಿದ್ದ ಹೆಬ್ಬೆರಳನ್ನು ಇಳಿಸಿಕೊಂಡೆ.

"ಅಲ್ಲವ್ವಾ. ನಾನು ಬೇರೆ" ಅಂದೆ.

ಅವರು ಒಳಗೆ ಹೋದರು. ನಾನು ಲೋಟ ಹಿಡಿದುಕೊಂಡು ಆ ಗೋಡೆಗೆ ಒರಗಿ ಕೂತೇ ಇದ್ದೆ. ಹೊಲದ ಕಡೆಯಿಂದ ಗಾಳಿ ಕಿಂಡಿಗಳೊಳಗೆ ಹಾದು ಬೆನ್ನಿಗೆ ತಣ್ಣಗೆ ಬಡಿಯುತ್ತಿತ್ತು. ಏನಂತತಿ ಎಂದು ಯಾರೂ ಕೇಳಲಿಲ್ಲ.